7.5 ಎಚ್‌ಪಿ ಬೋರ್‌ಗೆ ಮೊಬೈಲ್ ಸ್ಟಾರ್ಟರ್: ಹಳೇ ಸ್ಟಾರ್ಟರ್‌ಗೇ ಜೋಡಿಸಬಹುದಾ? ಡ್ರೈ ರನ್ ಎಷ್ಟಕ್ಕೆ ಇಡಬೇಕು?

ತೆಂಗು_ಅಡಿಕೆ

ತಿಪಟೂರು ಕಡೆ ತೆಂಗಿನ ತೋಟ, ಮಧ್ಯೆ ಅಡಿಕೆ. ಬೋರ್ 620 ಅಡಿ, 7.5 ಎಚ್‌ಪಿ ಸಬ್‌ಮರ್ಸಿಬಲ್, ಮೇಲೆ ಬಂದಿರೋದು ಮೂರು ತಂತಿ ಕೇಬಲ್. ಒಂದೂವರೆ ಇಂಚು ನೀರು, ಆದರೆ ಎರಡು ಗಂಟೆ ಓಡಿದರೆ ಗಾಳಿ ಹೊಡೆಯೋಕೆ ಶುರು. ತ್ರೀ ಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ತೋಟ ಮನೆಯಿಂದ 3 ಕಿ.ಮೀ. ದೂರ.

ಈಗಿರೋದು ಹಿಡಿಕೆ ಎತ್ತಿ ಆನ್ ಮಾಡೋ ಆಯಿಲ್ ಸ್ಟಾರ್ಟರ್. ಅಂಗಡಿಯವರು ಇದಕ್ಕೇ ಮೊಬೈಲ್ ಡಬ್ಬಿ (ಫೋನಿಂದಲೇ ಮೋಟಾರ್ ಆನ್-ಆಫ್ ಮಾಡೋ, ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್) ಜೋಡಿಸಬಹುದು ಅಂತಾರೆ, ವೈರ್‌ಮನ್ ಆಗಲ್ಲ ಅಂತಾನೆ. ಯಾರ ಮಾತು ಸರಿ? ಮನೇಲಿ ಜಿಯೋ ಸಿಮ್ ಒಂದು ಖಾಲಿ ಇದೆ, ಅದು ನಡೆಯುತ್ತಾ?

ಪ್ಯಾನಲ್_ಬೋರ್ಡ್

ವೈರ್‌ಮನ್ ಮಾತು ಸರಿ. ಮೊಬೈಲ್ ಡಬ್ಬಿ ಮಾಡೋದು ಒಂದೇ ಕೆಲಸ: ಒಳಗಿನ ರಿಲೇ ಎರಡು ಮೂರು ಸೆಕೆಂಡ್ ಕೂಡಿಸಿ ಬಿಡುತ್ತೆ, ಅಂದರೆ ನಿಮ್ಮ ಬದಲು ಹಸಿರು ಬಟನ್ ಒತ್ತುತ್ತೆ ಅಷ್ಟೇ. ಹಿಡಿಕೆ ಎತ್ತೋಕೆ ಅದಕ್ಕೆ ಕೈಯಿಲ್ಲ. ಕಾಂಟ್ಯಾಕ್ಟರ್ (ಬಟನ್ ಒತ್ತಿದರೆ ಕಾಯಿಲ್ ಎಳೆದು ಕೂರೋ ಸ್ವಿಚ್) ಇರೋ ಡಿಒಎಲ್ ಸ್ಟಾರ್ಟರ್, ಅಂದರೆ ಮೋಟಾರ್‌ಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡೋದು, ಬೇಕೇ ಬೇಕು. ಮೂರು ತಂತಿ ಅಂದಮೇಲೆ ನಿಮ್ಮದು ಡಿಒಎಲ್ಲೇ. ಆರು ತಂತಿ ಬಂದಿದ್ದರೆ ಸ್ಟಾರ್-ಡೆಲ್ಟಾ (ಮೊದಲು ಸ್ಟಾರ್‌ನಲ್ಲಿ ಕಮ್ಮಿ ವೋಲ್ಟೇಜ್, ಆಮೇಲೆ ಡೆಲ್ಟಾದಲ್ಲಿ ಪೂರ್ತಿ) ಆಗ್ತಿತ್ತು. (ಓದೋರಲ್ಲಿ ಸೆಮಿ ಆಟೋ ಸ್ಟಾರ್-ಡೆಲ್ಟಾ ಇರೋರು ಗಮನಿಸಿ: ಅದರಲ್ಲಿ ಬಟನ್ ಒತ್ತಿ ಹಿಡಿದು ಮೋಟಾರ್ ವೇಗ ಹಿಡಿದ ಮೇಲೆ ಬಿಡಬೇಕು. ಹಾಗಾಗಿ ಡಬ್ಬಿಯ ಸ್ಟಾರ್ಟ್ ಟೈಮ್ 6ರಿಂದ 10 ಸೆಕೆಂಡ್‌ಗೆ ಏರಿಸದಿದ್ದರೆ ಮೋಟಾರ್ ಅರ್ಧಕ್ಕೇ ಡೆಲ್ಟಾಗೆ ಹಾರುತ್ತೆ.)

7.5 ಎಚ್‌ಪಿಗೆ 25 ಆಂಪಿಯರ್ ಕಾಂಟ್ಯಾಕ್ಟರ್ ಹಾಕ್ಸಿ. ಕಾಯಿಲ್ ಮಾತ್ರ ಕಮ್ಮಿ ವೋಲ್ಟೇಜಿಗೂ ಹಿಡಿಯೋದು ಕೇಳಿ ತಗೊಳ್ಳಿ. ಸಾದಾ 415 ವೋಲ್ಟ್ ಕಾಯಿಲ್, ಲೈನ್ 320ಕ್ಕೆ ಇಳಿದಾಗ ಗರಗರ ಅನ್ನುತ್ತೆ, ಪಾಯಿಂಟ್ ಸುಟ್ಟುಕೊಳ್ಳುತ್ತೆ. ಆಗ ಎಲ್ಲರೂ ಬೈಯೋದು ಮೊಬೈಲ್ ಡಬ್ಬಿಗೆ.

ವೈರಿಂಗ್: ಡಬ್ಬಿಯ ಸ್ಟಾರ್ಟ್ ರಿಲೇ ಹಸಿರು ಬಟನ್‌ಗೆ ಪ್ಯಾರಲಲ್, ಸ್ಟಾಪ್ ರಿಲೇ ಕೆಂಪು ಬಟನ್‌ಗೆ ಸೀರೀಸ್. ಆರ್, ವೈ, ಬಿ ಮೂರೂ ಫೇಸ್ ಡಬ್ಬಿಗೆ ಕೊಡಬೇಕು. ಸ್ಟಾರ್ಟರ್‌ನಲ್ಲಿರೋ ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಆದರೆ ಮೋಟಾರ್ ನಿಲ್ಲಿಸೋದು) ತೆಗೆಯಬೇಡಿ, "ಡಬ್ಬೀಲೇ ಇದೆಯಲ್ಲ" ಅಂದರೂ ಸರಿ.

ಇನ್ನು ಕೊಳ್ಳುವಾಗ ನೋಡಬೇಕಾದ್ದು ಆ್ಯಪ್ ಅಲ್ಲ, ಕರೆಂಟ್ ಅಳೆಯೋ ಸಿ.ಟಿ. ಎಷ್ಟಿದೆ ಅನ್ನೋದು. ಮೋಟಾರ್‌ಗೆ ಹೋಗೋ ತಂತಿ ತೂರಿಸೋ ಆ ಬಳೆ ಕನಿಷ್ಠ ಎರಡು ಇರಲಿ. ಬರೀ ವೋಲ್ಟೇಜ್ ನೋಡೋ ಡಬ್ಬಿಗಳು ಸಿಂಗಲ್ ಫೇಸಿಂಗ್‌ನಲ್ಲಿ (ಮೂರರಲ್ಲಿ ಒಂದು ಫೇಸ್ ಹೋದಾಗ) ಮೋಸ ಹೋಗ್ತವೆ. ಓಡ್ತಾ ಇರೋ ಮೋಟಾರ್‌ನ ಒಂದು ಫೇಸ್ ಹೋದರೂ ಆ ತಂತಿಯಲ್ಲಿ ಮೋಟಾರೇ ಒಂದಷ್ಟು ವೋಲ್ಟೇಜ್ ಹುಟ್ಟಿಸುತ್ತೆ. ಪಕ್ಕದ ತೋಟದವರು ಕಂಡೆನ್ಸರ್ ಹಾಕಿ ಎರಡು ಫೇಸಲ್ಲಿ ಓಡಿಸ್ತಿದ್ದರಂತೂ ಅವರ ಮೋಟಾರ್‌ನಿಂದಲೂ ಸುಳ್ಳು ಫೇಸ್ ಲೈನಿಗೆ ಬರುತ್ತೆ. ಡಬ್ಬಿ ಮೂರೂ ಇದೆ ಅಂದ್ಕೊಂಡು ಆನ್ ಮಾಡುತ್ತೆ, ವೈಂಡಿಂಗ್ ಹೋಗುತ್ತೆ. ಕರೆಂಟ್ ಅಳೆದರೆ ಮಾತ್ರ ನಿಜ ಗೊತ್ತಾಗೋದು.

ಟವರ್_ಕೆಳಗೆ

ಸಿಮ್ ಬಗ್ಗೆ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಅಗ್ಗದ ಡಬ್ಬಿಗಳ ಒಳಗಿರೋದು 2ಜಿ ಮಾಡ್ಯೂಲ್, ಅದರಲ್ಲಿ ಜಿಯೋ ಸಿಮ್ ಸತ್ತ ಹಾಗೆ. ಜಿಯೋನೇ ಬೇಕು ಅಂದರೆ 4ಜಿ ವೋಲ್ಟಿ (4ಜಿ ನೆಟ್‌ವರ್ಕ್‌ನಲ್ಲೇ ಬರೋ ಕಾಲ್) ಕಾಲ್ ತಗೊಳ್ಳೋ ಮಾಡೆಲ್ ಕೇಳಿ. ಡಬ್ಬಿ ಮೇಲೆ "4ಜಿ" ಅಂತ ಇದ್ದರೆ ಸಾಲದು, ಕೆಲವು ಡೇಟಾಗೆ ಮಾತ್ರ 4ಜಿ. ಅಂಗಡೀಲೇ ಸಿಮ್ ಹಾಕಿ ಕಾಲ್ ಮಾಡಿ ನೋಡಿ.

ಸಿಗ್ನಲ್ ನೋಡೋದು ಪ್ಯಾನಲ್ ಇರೋ ಜಾಗದಲ್ಲಿ, ಮನೇಲಿ ಅಲ್ಲ. ಕರೆಂಟ್ ಹೋಗಿ ಮೂರು ನಾಲ್ಕು ಗಂಟೆ ಆದಮೇಲೂ ಒಮ್ಮೆ ನೋಡಿ. ಹಳ್ಳಿ ಕಡೆ ಟವರ್‌ನ ಬ್ಯಾಟರಿಯೂ ಕೈಕೊಡುತ್ತೆ. ತಗಡಿನ ಪೆಟ್ಟಿಗೆ ಆದರೆ ಆಂಟೆನಾ ಹೊರಗೇ ಇರಬೇಕು, 3 ಮೀಟರ್ ವೈರ್ ಇರೋದು ಸಿಗುತ್ತೆ.

ಸಿಮ್ ಹಾಕೋ ಮುಂಚೆ ಮಾಮೂಲಿ ಫೋನಲ್ಲಿ ಹಾಕಿ ಪಿನ್ ಲಾಕ್ ತೆಗೀರಿ, ಕಾಲರ್ ಟ್ಯೂನ್ ತೆಗೆಸಿ, ಹಳೇ ಮೆಸೇಜ್ ಎಲ್ಲ ಅಳಿಸಿ, 1909ಕ್ಕೆ ಹೇಳಿ ಡಿಎನ್‌ಡಿ (ಜಾಹೀರಾತು ತಡೆ) ಹಾಕ್ಸಿ. ಜಾಹೀರಾತು ಮೆಸೇಜ್ ತುಂಬಿ ಸಿಮ್ ಮೆಮೊರಿ ಫುಲ್ ಆದರೆ ನಿಮ್ಮ ಎಸ್ಸೆಮ್ಮೆಸ್ ಕಮಾಂಡ್ ಒಳಗೇ ಹೋಗಲ್ಲ. ರೀಚಾರ್ಜ್ ಮುಗಿದರೆ ಇನ್‌ಕಮಿಂಗೂ ಬಂದ್, ಆದ್ದರಿಂದ ಡೇಟಾ ಇಲ್ಲದ, ಕಾಲ್-ಎಸ್ಸೆಮ್ಮೆಸ್ ಮಾತ್ರ ಇರೋ ವರ್ಷದ ಪ್ಲಾನ್ ಹಾಕಿ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) ನಿಯಮ ತಿದ್ದಿದ ಮೇಲೆ ಕಂಪನಿಗಳು ಇಂಥ ಪ್ಲಾನ್ ಕೊಡಲೇಬೇಕಾಗಿದೆ.

ತೆಂಗು_ಅಡಿಕೆ

ಧನ್ಯವಾದ. ಗಾಳಿ ಹೊಡೆಯೋದಕ್ಕೆ ಡ್ರೈ ರನ್ (ನೀರಿಲ್ಲದೆ ಓಡಿ ಆಂಪಿಯರ್ ಇಳಿದರೆ ಮೋಟಾರ್ ನಿಲ್ಲಿಸೋ ಸೆಟ್ಟಿಂಗ್) ಎಷ್ಟಕ್ಕೆ ಇಡಲಿ? ಸಂಜೆ ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿದಾಗ ನೀರು ಬರುವಾಗ 14.5 ಆಂಪಿಯರ್ ಇತ್ತು.

ಪ್ಯಾನಲ್_ಬೋರ್ಡ್

ಆ 14.5 ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಸಂಜೆ ಎಲ್ಲರ ಮೋಟಾರ್ ಓಡ್ತಿರುತ್ತೆ, ವೋಲ್ಟೇಜ್ ಬಿದ್ದಿರುತ್ತೆ, ವೋಲ್ಟೇಜ್ ಬಿದ್ದರೆ ಆಂಪಿಯರ್ ಏರುತ್ತೆ. ರಾತ್ರಿ ಸಪ್ಲೈ ವಾರದಲ್ಲಿ, ಬೇರೆ ಮೋಟಾರ್ ನಿಂತಾಗ ಇನ್ನೊಂದು ಸಲ ಅಳೀರಿ. ಉದಾಹರಣೆಗೆ 12.5 ಬಂತು ಅನ್ನಿ. ಅದರ ಶೇ 80, ಅಂದರೆ 10 ಆಂಪಿಯರ್‌ಗೆ ಡ್ರೈ ರನ್ ಇಡಿ. 14.5ರ ಶೇ 80 ಅಂತ 11.6ಕ್ಕೆ ಇಟ್ಟರೆ ರಾತ್ರಿ ವೋಲ್ಟೇಜ್ ಸ್ವಲ್ಪ ಏರಿದರೂ ನೀರಿದ್ದೂ ಟ್ರಿಪ್ ಆಗುತ್ತೆ. ಆಮೇಲೆ ನೀವು ಬೇಸತ್ತು ಡ್ರೈ ರನ್ನೇ ಆಫ್ ಮಾಡ್ತೀರಿ. ಸುಟ್ಟ ಮೋಟಾರ್‌ಗಳಲ್ಲಿ ಸುಮಾರು ಹೀಗೇ ಸುಡೋದು.

ಗಾಳಿ ಬಂದಾಗ ಆಂಪಿಯರ್ ಮೀಟರ್‌ನ ಮುಳ್ಳು ಒಂದೇ ಕಡೆ ನಿಲ್ಲಲ್ಲ, ಏರಿಳಿಯುತ್ತೆ. ಟ್ರಿಪ್ ಡಿಲೇ 10ರಿಂದ 15 ಸೆಕೆಂಡ್ ಇರಲಿ. ಟ್ರಿಪ್ ಆದಮೇಲೆ ತಾನಾಗಿ ಮತ್ತೆ ಆನ್ ಆಗೋ ಸಮಯ 45 ನಿಮಿಷದಿಂದ ಶುರು ಮಾಡಿ. ಮತ್ತೆ ಆನ್ ಆಗಿ ಹತ್ತು ನಿಮಿಷಕ್ಕೇ ನಿಂತರೆ ಬೋರ್‌ಗೆ ನೀರು ಕೂಡಿಕೊಳ್ಳೋಕೆ ಪುರಸೊತ್ತು ಸಾಲದು, ಒಂದೂವರೆ ಗಂಟೆಗೆ ಏರಿಸಿ. ಓವರ್‌ಲೋಡ್ ಮೋಟಾರ್ ಪ್ಲೇಟ್ ಮೇಲಿರೋ ಆಂಪಿಯರ್‌ಗೇ ಇಡಿ.

ಆಟೋ ಮೋಡ್ ಹಾಕಿದರೆ ಕರೆಂಟ್ ಬಂದ ತಕ್ಷಣ ಆನ್ ಆಗೋ ಹಾಗೆ ಬಿಡಬೇಡಿ. ಡಿಒಎಲ್ ಮೋಟಾರ್ ಎದ್ದೇಳುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿನ ಹತ್ತು ಮೋಟಾರ್ ಒಟ್ಟಿಗೆ ಎದ್ದರೆ ಫ್ಯೂಸ್ ನಿಲ್ಲಲ್ಲ. ಅಕ್ಕಪಕ್ಕದವರ ಹತ್ತಿರ ಮಾತಾಡಿಕೊಂಡು ಒಬ್ಬರು 1 ನಿಮಿಷ, ಇನ್ನೊಬ್ಬರು 2, ಮತ್ತೊಬ್ಬರು 3 ಅಂತ ಡಿಲೇ ಹಂಚಿಕೊಳ್ಳಿ.

ಹನಿ_ನೀರಾವರಿ

ಡ್ರಿಪ್ ಇದ್ದರೆ ಇನ್ನೊಂದು ವಿಷಯ. "ಮೋಟಾರ್ ಆನ್ ಆಗಿದೆ" ಅನ್ನೋ ಧ್ವನಿ ಬಂದರೆ ಕಾಂಟ್ಯಾಕ್ಟರ್ ಕೂತಿದೆ, ಕರೆಂಟ್ ಹರೀತಿದೆ ಅಂತ ಮಾತ್ರ. ಪೈಪ್ ಜಾಯಿಂಟ್ ಕಿತ್ತು ನೀರೆಲ್ಲ ಬದುವಿಗೆ ಹೋಗ್ತಿದ್ದರೂ ಅದೇ ಧ್ವನಿ ಬರುತ್ತೆ. ಎಲ್ಲಾ ಗೇಟ್‌ವಾಲ್ವ್ ಮುಚ್ಚಿಟ್ಟು ಮನೆಗೆ ಬಂದು ಫೋನಲ್ಲಿ ಆನ್ ಮಾಡಿದರೆ ಪಿವಿಸಿ ಸಿಡಿಯುತ್ತೆ. ಫಿಲ್ಟರ್ ಮುಂಚೆ ಬೈಪಾಸ್ ಸ್ವಲ್ಪ ತೆರೆದಿಡಿ, ಅಥವಾ ಪ್ರೆಷರ್ ರಿಲೀಫ್ ವಾಲ್ವ್ ಕೂರಿಸಿ.

ಪ್ಯಾನಲ್‌ಗೆ ಕೈ ಹಾಕೋ ಮುಂಚೆ ಮೇನ್ ಇಳಿಸಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳ್ಳಿ, ಆಟೋ ಮೋಡ್ ಆಫ್ ಮಾಡಿದ್ದೀನಿ ಅಂತ ನಂಬಿ ಕೂರಬೇಡಿ. ನೋಂದಾಯಿಸಿದ ನಂಬರ್ ಮನೇಲಿ ಇನ್ನಿಬ್ಬರ ಹತ್ತಿರ ಇರುತ್ತೆ, ನೀವು ತಂತಿ ಹಿಡಿದಿರೋದು ಅವರಿಗೆ ಕಾಣಲ್ಲ. ಜೊತೆಗೆ ಕೇಬಲ್ ಬರೋ ತೂತನ್ನೆಲ್ಲ ಮುಚ್ಚಿ. ಕಾಂಟ್ಯಾಕ್ಟರ್ ಮುಖದ ಮಧ್ಯೆ ಇರುವೆ ಸಿಕ್ಕಿ ಜಜ್ಜಿಹೋದರೆ ಅದು ಪೂರ್ತಿ ಕೂರಲ್ಲ. ಹಲ್ಲಿ ಎರಡು ಫೇಸ್ ಮಧ್ಯೆ ಬಿದ್ದರೆ ಕೇಳೋದೇ ಬೇಡ. ಅರ್ಥಿಂಗ್ ಇಲ್ಲದಿದ್ದರೆ ಮೊದಲು ಗುಂಡಿ ತೋಡಿಸಿ, ಡಬ್ಬಿ ಆಮೇಲೆ ತನ್ನಿ: ಏಪ್ರಿಲ್-ಮೇ ಗುಡುಗು ಮಳೇಲಿ ಲೈನ್ ಹಿಡಿದು ಬರೋ ಸಿಡಿಲಿಗೆ ಮೊದಲು ಹೋಗೋದು ಮೊಬೈಲ್ ಬೋರ್ಡೇ.