ಸಹಾಯ ಬೇಕು: ಎರಡೂ ಮಂಡಿ ಬದಲಿಸಿ 4 ವಾರ, ಎಡಗಾಲು ನೇರ ಆಗ್ತಿಲ್ಲ

ಅಮ್ಮನಿಗೆ ಎರಡೂ ಮಂಡಿ ಒಟ್ಟಿಗೇ ಬದಲಿಸಿದ್ದಾರೆ. ಬಲಗಾಲು 95 ಡಿಗ್ರಿ ಬಾಗುತ್ತೆ, ಪೂರ್ತಿ ನೇರವೂ ಆಗುತ್ತೆ. ಎಡಗಾಲು 80ಕ್ಕೇ ನಿಲ್ಲುತ್ತೆ. ನೇರ ಚಾಚಿದರೆ ಸುಮಾರು 10 ಡಿಗ್ರಿ ಕೊರತೆ. ನಮಗೆ ಚಿಂತೆ ಬಾಗುವುದರದ್ದಲ್ಲ, ಈ 10 ಡಿಗ್ರಿಯದು. ಮಂಡಿ ನೇರವಾಗದಿದ್ದರೆ ನಡೆಯುವಾಗ ತೊಡೆ ಸ್ನಾಯು ಸದಾ ಬಿಗಿದೇ ಇರಬೇಕು, ಬೇಗ ಸುಸ್ತು, ಕುಂಟು ನಡಿಗೆ.

ಈಗ ಮಾಡಿಸುತ್ತಿರುವುದು: ಹಿಮ್ಮಡಿ ಕೆಳಗೆ ಮಾತ್ರ ಟವೆಲ್ ಸುರುಳಿ ಇಟ್ಟು, ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತಿ 5 ಸೆಕೆಂಡು ಹಿಡಿಯುವುದು, 10 ಸಲ, ದಿನಕ್ಕೆ ಮೂರು ಹೊತ್ತು. ನೋವಿನ ಮಾತ್ರೆ ಅರ್ಧ ಗಂಟೆ ಮೊದಲೇ. ಆಮೇಲೆ ಬಟ್ಟೆ ಸುತ್ತಿದ ಐಸ್ 15 ನಿಮಿಷ. ಮಂಡಿ ಕೆಳಗೆ ದಿಂಬು ಇಡುವುದನ್ನು ನಿಲ್ಲಿಸಿದ್ದೇವೆ (ಹಾಯೆನಿಸುತ್ತೆ ನಿಜ, ಆದರೆ ಕಾಲು ಬಾಗಿದ ಹಾಗೇ ಸೆಟೆದುಬಿಡುತ್ತೆ).

ಜ್ವರವಿಲ್ಲ, ಗಾಯ ಒಣಗಿದೆ, ಮೀನಖಂಡದಲ್ಲಿ ನೋವಿಲ್ಲ. ಹಾಗಾಗಿ ಸೋಂಕು, ರಕ್ತ ಹೆಪ್ಪುಗಟ್ಟಿದ ಲಕ್ಷಣ ಕಾಣುತ್ತಿಲ್ಲ. ಸರ್ಜನ್ ಭೇಟಿ ಮುಂದಿನ ವಾರ.

ಫಿಸಿಯೊಥೆರಪಿಸ್ಟ್‌ಗಳು, ಇದನ್ನು ದಾಟಿದವರು ದಯವಿಟ್ಟು ಹೇಳಿ:

ಬೋರಲು ಮಲಗಿ ಪಾದ ಮಂಚದಾಚೆ ಇಳಿಬಿಡುವ ವ್ಯಾಯಾಮ ಈ ಹಂತದಲ್ಲಿ ಸರಿಯೇ? ಎಷ್ಟು ನಿಮಿಷ?

ಮೆಟ್ಟಿಲು ಹತ್ತುವಾಗ "ಒಳ್ಳೆ ಕಾಲು ಮೊದಲು" ಅಂತಾರೆ. ಎರಡೂ ಆಪರೇಷನ್ ಆದವರಿಗೆ ಬಲವಿರುವ ಕಾಲೇ ಮೊದಲಾ? ಇಳಿಯುವಾಗ?

ವ್ಯಾಯಾಮದ ಮರುದಿನ ಊತ ಹೆಚ್ಚಾದರೆ ಸಲಗಳನ್ನು ಕಡಿಮೆ ಮಾಡಬೇಕಾ, ಒಂದು ಹೊತ್ತನ್ನೇ ಬಿಡಬೇಕಾ?

ಎಣ್ಣೆ ತಿಕ್ಕಿ, ಬಿಸಿ ಶಾಖ ಕೊಡಿ ಅನ್ನುವ ಸಲಹೆ ಬೇಡ; ಊತವಿರುವಾಗ ಶಾಖ ಅದನ್ನು ಹೆಚ್ಚಿಸುತ್ತೆ.