ಪದ ಬೇಕಾಗಿದೆ: ‘ಪ್ರಾಗ್ನೋಸಿಸ್’ (ವೈರಸ್ಸಿನಿಂದ ಬರುವ ಗಂಟಲ ಕ್ಯಾನ್ಸರ್ ಕೈಪಿಡಿಗೆ, ನಾಳೆ ಸಂಜೆಯೊಳಗೆ)

ಬಳಗದ ಎಲ್ಲರಿಗೂ ನಮಸ್ಕಾರ.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಿಂದ ಬರುವ ಗಂಟಲ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಾಗಿ ಅಮೆರಿಕದ ಆಸ್ಪತ್ರೆಯೊಂದು ಸಿದ್ಧಪಡಿಸಿರುವ ಕೈಪಿಡಿಯನ್ನು, ಅಲ್ಲಿ ಮಕ್ಕಳ ಮನೆಯಲ್ಲಿ ನೆಲೆಸಿರುವ ಹಿರಿಯ ಕನ್ನಡಿಗರಿಗೆಂದು ಅನುವಾದಿಸುತ್ತಿದ್ದೇನೆ. ಪುಟವಿನ್ಯಾಸ ಮುಗಿದಿದ್ದು ನಾಳೆ ಸಂಜೆ ಕಡತ ಕಳಿಸಬೇಕು. ಉಳಿದಿರುವುದು ಒಂದೇ ಪದ, ಆದರೆ ಅದು ಹತ್ತೊಂಬತ್ತು ಕಡೆ ಬರುತ್ತದೆ: ‘ಪ್ರಾಗ್ನೋಸಿಸ್’, ಅಂದರೆ ರೋಗ ಮುಂದೆ ಹೇಗೆ ಸಾಗಬಹುದು, ಗುಣವಾಗುವ ಸಂಭವ ಎಷ್ಟು ಎಂಬ ವೈದ್ಯರ ಅಂದಾಜು.

ಡಯಾಗ್ನೋಸಿಸ್‌ಗೆ ‘ರೋಗನಿದಾನ’ ಇದೆ. ಅರ್ಧ ಜನ ಅದನ್ನು ‘ನಿಧಾನ’ ಎಂದು ಓದಿಕೊಂಡರೂ ಕೆಲಸ ನಡೆಯುತ್ತದೆ. ಪ್ರಾಗ್ನೋಸಿಸ್‌ಗೆ ನಾನು ಮೊದಲು ‘ರೋಗದ ಭವಿಷ್ಯ’ ಎಂದು ಹಾಕಿದ್ದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ‘ವೈರಸ್ಸಿನಿಂದ ಬಂದ ಗಂಟಲ ಕ್ಯಾನ್ಸರಿನ ಭವಿಷ್ಯ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ’ ಎಂದು ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸುತ್ತಾ, ‘ಅಂದರೆ ಅದು ಇನ್ನೂ ಚೆನ್ನಾಗಿ ಬೆಳೆಯುತ್ತೆ ಅಂತಲೇನಮ್ಮಾ?’ ಎಂದು ಕೇಳಿದರು. ಅಲ್ಲಿಗೆ ಆ ಪದವನ್ನು ಹತ್ತೊಂಬತ್ತು ಕಡೆಯಿಂದಲೂ ಅಳಿಸಿದೆ. ಬದಲಿಗೆ ಏನು ಹಾಕಲಿ?

ಉತ್ತರ 1

ಇದಕ್ಕೆ ಇಷ್ಟುದ್ದ ಬರೆಯಬೇಕಿರಲಿಲ್ಲ. ‘ಮುನ್ನರಿವು’ ಎಂಬ ಅಚ್ಚಗನ್ನಡ ಪದ ಕೈಯಲ್ಲೇ ಇದೆ. ಗ್ರೀಕಿನಲ್ಲಿ ‘ಪ್ರೋ’ ಎಂದರೆ ಮುನ್ನ, ‘ಗ್ನೋಸಿಸ್’ ಎಂದರೆ ಅರಿವು, ಕೂಡಿಸಿದರೆ ಮುಗಿಯಿತು. ‘ಮುನ್ಸೂಚನೆ’ಯನ್ನು ಮಾತ್ರ ಮುಟ್ಟಬೇಡಿ. ‘ಮುನ್’ ಕನ್ನಡ, ‘ಸೂಚನೆ’ ಸಂಸ್ಕೃತ. ಇಂಥ ಬೆರಕೆ ಅರಿಸಮಾಸವೆಂದು ಕೇಶಿರಾಜ 13ನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ. ಹಾಗೆಯೇ ‘ಕ್ಯಾನ್ಸರ್’ ಬದಲು ‘ಏಡಿಹುಣ್ಣು’ ಎಂದು ಬರೆಯಿರಿ. ಆ ಹೆಸರಿನ ಮೂಲದಲ್ಲಿರುವುದೂ ಏಡಿಯೇ.

ಉತ್ತರ 2

ಅರಿಸಮಾಸದ ನೆಪ ಹೇಳಿ ದಿನಪತ್ರಿಕೆಗಳ ‘ಹವಾಮಾನ ಮುನ್ಸೂಚನೆ’ಯನ್ನು ಬಹಿಷ್ಕರಿಸಲು ಹೊರಟವರಿಗೆ ಶುಭವಾಗಲಿ. ಆ ಪದವನ್ನು ಇಲ್ಲಿ ಬಿಡಬೇಕಾದ ನಿಜವಾದ ಕಾರಣವೇ ಬೇರೆ: ರೋಗದ ಮುನ್ಸೂಚನೆ ಎಂದರೆ ರೋಗ ಬರುವ ಮೊದಲು ಕಾಣಿಸುವ ಲಕ್ಷಣ ಎಂದೇ ಓದುಗರು ತಿಳಿಯುತ್ತಾರೆ, ಮತ್ತು ಅದಕ್ಕೆ ಆಯುರ್ವೇದದಲ್ಲಿ ‘ಪೂರ್ವರೂಪ’ ಎಂಬ ಬೇರೆ ಹೆಸರೇ ಇದೆ. ನಿಮಗೆ ಬೇಕಾದ ಪರಿಕಲ್ಪನೆ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸಿದ್ಧವಾಗಿದೆ. ಸುಲಭವಾಗಿ ಗುಣವಾಗುವುದು ಸುಖಸಾಧ್ಯ, ಕಷ್ಟದಿಂದ ಗುಣವಾಗುವುದು ಕೃಚ್ಛ್ರಸಾಧ್ಯ, ಚಿಕಿತ್ಸೆ ನಡೆಯುತ್ತಿರುವವರೆಗೆ ಹತೋಟಿಯಲ್ಲಿರುವುದು ಯಾಪ್ಯ, ವೈದ್ಯ ಕೈಬಿಡಬೇಕಾದದ್ದು ಪ್ರತ್ಯಾಖ್ಯೇಯ. ಆದ್ದರಿಂದ ‘ಸಾಧ್ಯಾಸಾಧ್ಯತೆ’ ಎಂದೇ ಬರೆಯಿರಿ.

ಗ್ರೀಕಿನ ‘ಪ್ರೋ-ಗ್ನೋ’ ಮತ್ತು ಸಂಸ್ಕೃತದ ‘ಪ್ರ-ಜ್ಞಾ’ ಒಂದೇ ಬೇರಿನ ಎರಡು ಚಿಗುರುಗಳೆಂಬುದನ್ನೂ ಗಮನಿಸಿ. ‘ಪ್ರಜ್ಞೆ’ಯನ್ನು ನಾವು ‘ಪ್ರಜ್ಞೆ ತಪ್ಪಿತು’ ಎಂಬಲ್ಲಿ ಖರ್ಚು ಮಾಡಿಬಿಡದಿದ್ದರೆ ಇವತ್ತು ಈ ಪರದಾಟವೇ ಇರುತ್ತಿರಲಿಲ್ಲ.

ಉತ್ತರ 3

ನಾನು ಹುಬ್ಬಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕ. ವ್ಯಾಕರಣದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಈ ಪದ ಮಾಡಬೇಕಾದ ಕೆಲಸ ಏನೆಂಬುದನ್ನು ಮೊದಲಿಬ್ಬರೂ ಕೇಳಲಿಲ್ಲ.

ಟಾನ್ಸಿಲ್ ಅಥವಾ ನಾಲಗೆಯ ಬುಡದಲ್ಲಿ ಹುಟ್ಟುವ ಈ ಕ್ಯಾನ್ಸರನ್ನು ತೆಗೆದ ಮೇಲೆ, ಮುಂದೇನಾಗಬಹುದೆಂದು ನಾವು ಹೇಳುವುದು ಜ್ಞಾನದಿಂದಲ್ಲ, ಲೆಕ್ಕದಿಂದ. ಕತ್ತಿನಿಂದ ತೆಗೆದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಎಷ್ಟರೊಳಗೆ ಕ್ಯಾನ್ಸರ್ ಇತ್ತು ಎಂದು ಎಣಿಸುತ್ತೇವೆ. 2018ರಲ್ಲಿ ಜಾರಿಗೆ ಬಂದ ವರ್ಗೀಕರಣದಲ್ಲಿ ನಾಲ್ಕರವರೆಗೆ ಒಂದು ವರ್ಗ, ಐದು ಅಥವಾ ಹೆಚ್ಚಿದ್ದರೆ ಇನ್ನೊಂದು. ಗ್ರಂಥಿಯ ಹೊರಪೊರೆಯನ್ನು ದಾಟಿದೆಯೇ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ, ರೋಗಿ ಎಷ್ಟು ವರ್ಷ ಸಿಗರೇಟು ಸೇದಿದ್ದಾರೆ ಎಂಬುದನ್ನೂ ನೋಡುತ್ತೇವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಹೆಸರಾಂತ ಅಧ್ಯಯನದಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ವೈರಸ್ ಇದ್ದ ಗುಂಪಿನಲ್ಲಿ ನೂರಕ್ಕೆ 82, ಇಲ್ಲದ ಗುಂಪಿನಲ್ಲಿ 57. ಅದು ವಿಕಿರಣ ಮತ್ತು ಕೀಮೋ ಪಡೆದವರ ಲೆಕ್ಕ, ಶಸ್ತ್ರಚಿಕಿತ್ಸೆಯವರದಲ್ಲ. ಆದರೂ ನೂರಕ್ಕೆ ಇಷ್ಟು ಎಂಬುದೇ ಪ್ರಾಗ್ನೋಸಿಸ್‌ನ ಸ್ವರೂಪ. ‘ಮುನ್ನರಿವು’ ಎಂದರೆ ನಮ್ಮ ಕಡೆಯವರು ಕಣಿ ಹೇಳುವವರ ಮಾತೆಂದು ತಿಳಿದಾರು. ‘ಸಾಧ್ಯಾಸಾಧ್ಯತೆ’ಯಲ್ಲಿ ರೋಗಿಯ ಕಿವಿಗೆ ಬೀಳುವುದು ‘ಅಸಾಧ್ಯ’ ಒಂದೇ.

ನಿಮ್ಮ ಕೈಪಿಡಿಯಲ್ಲಿ ಇದಕ್ಕಿಂತ ಅಪಾಯದ ಪದ ಇನ್ನೊಂದಿರಬೇಕು: ‘ಪಾಸಿಟಿವ್’. ಕೋವಿಡ್ ಬಂದುಹೋದ ಮೇಲೆ ಪಾಸಿಟಿವ್ ಎಂದರೆ ಕೆಟ್ಟ ಸುದ್ದಿ ಎಂಬುದು ಮನೆಮಾತಾಗಿದೆ. ಪಿ16 ಎಂಬುದು ಗಡ್ಡೆಯಲ್ಲಿ ಪರೀಕ್ಷಿಸಿ ನೋಡುವ ಒಂದು ಪ್ರೋಟೀನ್. ಇಲ್ಲಿ ‘ಪಿ16 ಪಾಸಿಟಿವ್’ ಎಂದರೆ ಕ್ಯಾನ್ಸರ್ ವೈರಸ್ಸಿನಿಂದ ಬಂದಿರುವ ಸೂಚನೆ, ಅಂದರೆ ಗುಣವಾಗುವ ಸಂಭವ ಹೆಚ್ಚು. ‘ಅಂಚು ಪಾಸಿಟಿವ್’ ಎಂದರೆ ತೆಗೆದ ಭಾಗದ ಅಂಚಿನವರೆಗೂ ಕ್ಯಾನ್ಸರ್ ಹಬ್ಬಿದೆ, ಅಂದರೆ ಚಿಂತೆಯ ಮಾತು. ಎರಡೂ ಒಂದೇ ವರದಿಯಲ್ಲಿ ಬರುತ್ತವೆ.

ರೋಗಿಗಳು ನನ್ನನ್ನು ಕೇಳುವುದು ‘ಮುಂದ ಹೆಂಗ್ರಿ ಡಾಕ್ಟ್ರ?’ ಎಂದು. ಪ್ರಾಗ್ನೋಸಿಸ್‌ಗೆ ನನಗೆ ಗೊತ್ತಿರುವ ಕನ್ನಡ ಅದೇ.

ಉತ್ತರ 4 (ಮೊದಲು ಉತ್ತರಿಸಿದವರಿಂದ)

ಹೊಸ ಪದ ಮೊದಮೊದಲು ಕಿವಿಗೆ ಒಗ್ಗುವುದಿಲ್ಲವೆಂಬ ಕಾರಣಕ್ಕೆ ಎಲ್ಲವನ್ನೂ ಎರವಲು ತರುತ್ತಾ ಹೋದರೆ, ನಾಳೆ ‘ಗಂಟಲು’ ಎನ್ನುವುದಕ್ಕೂ ಇಂಗ್ಲಿಷನ್ನೇ ಬಳಸಬೇಕಾದೀತು. ವೈದ್ಯರು ಮಾಡಿದ್ದು ಅನುವಾದವಲ್ಲ, ವಿವರಣೆ. ಶೀರ್ಷಿಕೆಗೆ ವಿವರಣೆ ಒಪ್ಪುವುದಿಲ್ಲ.

ಮೂಲ ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ವಂದನೆಗಳು. ಶೀರ್ಷಿಕೆಗೆ ವಿವರಣೆ ಒಪ್ಪುವುದಿಲ್ಲ ಎಂಬ ಮಾತನ್ನು ಒಪ್ಪುವುದಿಲ್ಲ. ‘ಶಸ್ತ್ರಚಿಕಿತ್ಸೆಯ ನಂತರ ಮುಂದೆ ಹೇಗೆ?’ ಎಂಬುದು ನಾಲ್ಕನೆಯ ಅಧ್ಯಾಯದ ತಲೆಯ ಮೇಲೆ ಒಂದೇ ಸಾಲಿನಲ್ಲಿ ಕೂತಿದೆ. ಒಳಗಿನ ವಾಕ್ಯಗಳಲ್ಲಿ ನಾಮಪದವನ್ನೇ ಬಿಟ್ಟೆ. ‘ಕ್ಯಾನ್ಸರಿನ ಭವಿಷ್ಯ ಉತ್ತಮ’ ಎಂಬುದರ ಜಾಗದಲ್ಲಿ ಈಗ ‘ವೈರಸ್ಸಿನಿಂದ ಈ ಕ್ಯಾನ್ಸರ್ ಬಂದವರಲ್ಲಿ ಗುಣವಾಗುವವರ ಸಂಖ್ಯೆ ಹೆಚ್ಚು’ ಎಂದಿದೆ. ಒಳ್ಳೆಯದಾಗಬೇಕಾದದ್ದು ರೋಗಿಗೆ, ರೋಗಕ್ಕಲ್ಲ. ನನ್ನ ಮೊದಲ ಪದ ಎಡವಿದ್ದು ಅಲ್ಲೇ. ಕೋಷ್ಟಕದ ತಲೆಸಾಲಿನಲ್ಲಿ ಜಾಗ ಸಾಲದ ಎರಡು ಕಡೆ ಮಾತ್ರ ‘ಮುನ್ನಂದಾಜು’ ಎಂದು ಹಾಕಿದ್ದೇನೆ. ‘ಅಂದಾಜು’ ಪಾರಸಿಯಿಂದ ಬಂದದ್ದೆಂದು ನನಗೆ ಗೊತ್ತಿದೆ, ಯಾರೂ ನೆನಪಿಸಬೇಕಾಗಿಲ್ಲ.

‘ಪಾಸಿಟಿವ್’ ಎಂಬುದನ್ನು ಎಲ್ಲ ಕಡೆಯಿಂದಲೂ ತೆಗೆದು ‘ವೈರಸ್ಸಿನ ಗುರುತು ಸಿಕ್ಕಿದೆ’, ‘ಅಂಚಿನಲ್ಲಿ ಕ್ಯಾನ್ಸರ್ ಕಂಡಿದೆ’ ಎಂದು ಬಿಡಿಸಿ ಬರೆದಿದ್ದೇನೆ. ಇದರಿಂದ ಒಂದು ಪುಟ ಹೆಚ್ಚಾಯಿತು. ‘ರಿಕರೆನ್ಸ್’ಗೆ ‘ಮರುಕಳಿಕೆ’ ಇದ್ದೇ ಇದೆ, ಅದರ ಬಗ್ಗೆ ಜಗಳವಿಲ್ಲವೆಂದುಕೊಂಡಿದ್ದೇನೆ.

ತಿದ್ದಿದ ಪುಟವನ್ನು ಮೇಷ್ಟ್ರಿಗೆ ಮತ್ತೆ ಓದಿ ಹೇಳಿದೆ. ಈ ಸಲ ಅವರು ಕೇಳಿದ್ದು, ‘ನೂರಕ್ಕೆ ಎಷ್ಟು ಜನ?’ ಎಂದು.

ಮುಖಪುಟದಲ್ಲಿ ‘ಓರೋಫ್ಯಾರಿಂಕ್ಸ್’ಗೆ ‘ಬಾಯಿಯ ಹಿಂಭಾಗದ ಗಂಟಲು’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ನಾಳೆ ಬೆಳಿಗ್ಗೆ ಹತ್ತರೊಳಗೆ, ಬದಲಿ ಪದದೊಂದಿಗೆ ಬರೆಯಿರಿ.