ಡಬ್ಲ್ಯೂಆರ್‌ಎಫ್: ಆಲ್ಪ್ಸ್ ಮರೆಯಲ್ಲಿ ಜಿನೋವಾ ಲೋ ಹುಟ್ಟುತ್ತಲೇ ಇಲ್ಲ

ಐಸೋಬಾರ್44: ತಲೆ ಕೆಟ್ಟು ಹೋಗಿದೆ. ಡಬ್ಲ್ಯೂಆರ್‌ಎಫ್ ಹವಾಮಾನ ಮಾಡೆಲ್‌ನಲ್ಲಿ ಜಿನೋವಾ ಲೋ, ಅಂದರೆ ಆಲ್ಪ್ಸ್‌ನ ದಕ್ಷಿಣಕ್ಕೆ ಹುಟ್ಟುವ ಕಡಿಮೆ ಒತ್ತಡದ ಸುಳಿ, ಬರುತ್ತಲೇ ಇಲ್ಲ. ವಾಯವ್ಯದಿಂದ ಟ್ರಫ್ (ಮೇಲಿನ ಗಾಳಿಯಲ್ಲಿ ಕಡಿಮೆ ಒತ್ತಡದ ಉದ್ದನೆ ಪಟ್ಟೆ) ಬಂದು ಆಲ್ಪ್ಸ್‌ಗೆ ಬಡಿಯುತ್ತದೆ, ಇಆರ್‌ಎ5ರಲ್ಲಿ (ಹಿಂದಿನ ಹವಾಮಾನದ ಜಾಗತಿಕ ದಾಖಲೆ) ಜಿನೋವಾ ಕೊಲ್ಲಿಯ ಮೇಲೆ ಮುಚ್ಚಿದ ಐಸೋಬಾರ್ (ಸಮ ಒತ್ತಡದ ಗೆರೆ) ಎದ್ದು ಕಾಣುತ್ತದೆ. ಅದೇ ಡೇಟಾ ಕೊಟ್ಟ ನನ್ನ ರನ್‌ನಲ್ಲಿ ಗೆರೆಗಳು ಸ್ವಲ್ಪ ಬಾಗುತ್ತವೆ, ಅಷ್ಟೇ. ಫಿಸಿಕ್ಸ್ ಸ್ಕೀಮ್ ಎಲ್ಲಾ ಬದಲಿಸಿ ನೋಡಿಯಾಯ್ತು. ಏನು ಎಡವಟ್ಟಾಗಿದೆ?

ಇಳಿಜಾರು: ಮೊದಲು ಟೈಮ್ ಸ್ಟೆಪ್ (ಲೆಕ್ಕ ಒಂದೊಂದು ಹೆಜ್ಜೆಗೆ ಮುಂದೆ ಹೋಗುವ ಸಮಯ) ನೋಡಿ. ಗ್ರಿಡ್ ಚೌಕ ಎಷ್ಟು ಕಿಲೋಮೀಟರೋ ಅದರ 6 ಪಟ್ಟು ಸೆಕೆಂಡ್ ಅನ್ನೋದು ರೂಢಿ. ಕಡಿದಾದ ಜಾಗದಲ್ಲಿ 4 ಪಟ್ಟಿಗೆ ಇಳಿಸಬೇಕು. ಆರ್‌ಎಸ್‌ಎಲ್ ಎರರ್ ಫೈಲ್‌ಗಳಲ್ಲಿ ಸಿಎಫ್‌ಎಲ್ (ಟೈಮ್ ಸ್ಟೆಪ್ ಮಿತಿ ಮೀರಿದ ಎಚ್ಚರಿಕೆ) ಅಂತ ಹುಡುಕಿ. ಸಿಕ್ಕರೆ ರೋಗ ಅದೇ.

ಐಸೋಬಾರ್44: 9 ಕಿ.ಮೀ., 45 ಸೆಕೆಂಡ್. ಸಿಎಫ್‌ಎಲ್ ಸಾಲು ಒಂದೂ ಇಲ್ಲ. ರನ್ ಕೊನೆವರೆಗೂ ಹೋಗುತ್ತೆ.

ಇಳಿಜಾರು: ಆದರೂ 36 ಮಾಡಿ. ಎಪ್‌ಎಸ್‌ಎಸ್‌ಎಂ (ಲಂಬವಾಗಿ ಹೋಗುವ ಶಬ್ದದ ಅಲೆಗಳನ್ನು ತಗ್ಗಿಸುವ ಸೆಟ್ಟಿಂಗ್) ಡೀಫಾಲ್ಟ್ 0.1, ಅದನ್ನು 0.3ಕ್ಕೆ ಏರಿಸಿ. ಅಲುಗಾಟ ತಣಿಸುವ ಸೆಟ್ಟಿಂಗ್‌ಗಳು: ಡಬ್ಲ್ಯೂ_ಡ್ಯಾಂಪಿಂಗ್ 1, ಡ್ಯಾಂಪ್_ಆಪ್ಟ್ 3, ಝಡ್‌ಡ್ಯಾಂಪ್ 5000, ಡ್ಯಾಂಪ್‌ಕೋಎಫ್ 0.2. ಪರ್ವತದ ಅಲೆಗಳು ಮಾಡೆಲ್‌ನ ಮೇಲ್ತುದಿಗೆ ಬಡಿದು ವಾಪಸ್ ಬಂದರೆ ಕೆಳಗಿನದೆಲ್ಲ ಕದಡುತ್ತದೆ.

ಮುಗಿಲುಮಾಲೆ: ಟೈಮ್ ಸ್ಟೆಪ್ ಜಾಸ್ತಿಯಾದರೆ ರನ್ ಬಿದ್ದುಹೋಗುತ್ತದೆ, ಮಿಕ್ಕದ್ದೆಲ್ಲ ಸರಿಯಿದ್ದು ಒಂದು ಲೋ ಮಾತ್ರ ಮಾಯವಾಗುವುದಿಲ್ಲ. ಐಸೋಬಾರ್ ಅವರೇ, ಮುಖ್ಯವಾದದ್ದೇ ಹೇಳಿಲ್ಲ ನೀವು. ಡೊಮೇನ್ (ಮಾಡೆಲ್ ಲೆಕ್ಕ ಹಾಕುವ ಪ್ರದೇಶ) ಎಷ್ಟು ಅಗಲ, ಕೇಂದ್ರ ಎಲ್ಲಿ, ರನ್ ಶುರುವಾದಾಗ ಫ್ರಂಟ್ (ತಣ್ಣನೆ ಗಾಳಿಯ ಮುಂಚೂಣಿ) ಎಲ್ಲಿತ್ತು?

ಐಸೋಬಾರ್44: 100×100 ಚೌಕ, ಕೇಂದ್ರ ಜಿನೋವಾ. ಫ್ರಂಟ್ ಆಲ್ಪ್ಸ್‌ನ ಉತ್ತರದ ಬುಡ ಮುಟ್ಟಿದಾಗ ಶುರು. ಅದಕ್ಕೂ ಮುಂಚಿನದು ಯಾಕೆ ಬೇಕು?

ಮುಗಿಲುಮಾಲೆ: ಬೇಕೇ ಬೇಕು. ಲೆಕ್ಕ ಹಾಕಿ: ಜಿನೋವಾದಿಂದ ಪಶ್ಚಿಮಕ್ಕೆ 450 ಕಿ.ಮೀ. ಅಂದರೆ ನಿಮ್ಮ ಅಂಚು ಸುಮಾರು 3 ಡಿಗ್ರಿ ಪೂರ್ವದಲ್ಲಿ, ಸರಿಯಾಗಿ ಫ್ರಾನ್ಸ್‌ನ ಮಾಸಿಫ್ ಸೆಂಟ್ರಲ್ ಬೆಟ್ಟಗಳ ನೆತ್ತಿಯ ಮೇಲೆ ಬಿದ್ದಿದೆ. ಅಂಚಿನ 5 ಸಾಲುಗಳಲ್ಲಿ ಹೊರಗಿನ ಡೇಟಾದ್ದೇ ದರ್ಬಾರು. ಅಲ್ಲಿ ಇಆರ್‌ಎ5ರ 31 ಕಿ.ಮೀ. ಗುಡ್ಡಕ್ಕೂ ನಿಮ್ಮ 9 ಕಿ.ಮೀ. ಗುಡ್ಡಕ್ಕೂ ಎತ್ತರವೇ ತಾಳೆಯಾಗುವುದಿಲ್ಲ.

ಈಗ ಗಾಳಿ. ವೇಗ ಸೆಕೆಂಡಿಗೆ 10 ಮೀ., ಗಾಳಿಯ ಪದರಗಳ ಸ್ಥಿರತೆ ಸೆಕೆಂಡಿಗೆ 0.01, ಪರ್ವತ 3000 ಮೀ. ಅಂದುಕೊಂಡರೆ ಫ್ರೂಡ್ ಸಂಖ್ಯೆ (ಗಾಳಿಗೆ ಪರ್ವತ ಹತ್ತಿ ದಾಟುವ ಬಲ ಇದೆಯೇ ಅನ್ನುವ ಅಳತೆ) 0.33. ಒಂದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಕೆಳಗಿನ ತಣ್ಣನೆ ಗಾಳಿ ಹತ್ತಿ ದಾಟುವುದಿಲ್ಲ. ಉತ್ತರದಲ್ಲೇ ತಡೆದು ನಿಲ್ಲುತ್ತದೆ, ಆಮೇಲೆ ರೋನ್ ಕಣಿವೆಯಲ್ಲಿ ಮಿಸ್ಟ್ರಲ್ ಆಗಿ, ಆಡ್ರಿಯಾಟಿಕ್ ಕಡೆ ಬೋರಾ ಆಗಿ ಸುತ್ತಿಕೊಂಡು ಬರುತ್ತದೆ. ಮೇಲಿನ ಟ್ರಫ್‌ಗೆ ಆ ತಡೆಯಿಲ್ಲ, ನೇರ ದಾಟುತ್ತದೆ. ದಕ್ಷಿಣದಲ್ಲಿ ಇನ್ನೂ ಬೆಚ್ಚಗಿರುವ ಗಾಳಿಯ ಮೇಲೆ ಅದು ಬಂದಾಗ ಲೋ ಹುಟ್ಟುತ್ತದೆ. ಇದೇ ಅಂಕಿಗಳಿಗೆ ರಾಸ್‌ಬಿ ತ್ರಿಜ್ಯ 300 ಕಿ.ಮೀ. ತಡೆಯ ಪ್ರಭಾವ ಅಷ್ಟು ದೂರ ಹಿಂದಕ್ಕೆ ಹರಡುತ್ತದೆ, ನಿಮಗೆ ಉತ್ತರದಲ್ಲಿ ಅಷ್ಟು ಜಾಗವೇ ಇಲ್ಲ.

ಸುಳಿಗಾಳಿ: ಇಷ್ಟೆಲ್ಲ ಯಾಕೆ? ಪರ್ವತ ಇಳಿಯುವಾಗ ಗಾಳಿಯ ಕಂಬ ಹಿಗ್ಗುತ್ತದೆ, ಪೊಟೆನ್ಶಿಯಲ್ ವರ್ಟಿಸಿಟಿ (ಕಂಬದ ಎತ್ತರಕ್ಕೆ ಹೋಲಿಸಿದ ಸುಳಿ) ಬದಲಾಗಬಾರದು, ಹಾಗಾಗಿ ಸುಳಿ ಹೆಚ್ಚುತ್ತದೆ. ಪಠ್ಯದಲ್ಲಿರುವುದು ಅದೇ.

ಮುಗಿಲುಮಾಲೆ: ರಾಕೀಸ್‌ಗೆ ಅದು ಸರಿ. ಉತ್ತರ-ದಕ್ಷಿಣ ಉದ್ದಕ್ಕೆ ನಿಂತ ಶ್ರೇಣಿ, ಪಡುವಣ ಗಾಳಿ ಅಡ್ಡಲಾಗಿ ದಾಟುತ್ತದೆ. ಕೊಲರಾಡೋ ಲೋ, ಆಲ್ಬರ್ಟಾ ಕ್ಲಿಪ್ಪರ್ ಎಂಬ ಲೋಗಳು ಅಲ್ಲಿಯವು. ಆಲ್ಪ್ಸ್ ಚಿಕ್ಕದು, ಪೂರ್ವ-ಪಶ್ಚಿಮಕ್ಕೆ ಬಾಗಿದ ಬಿಲ್ಲು. ಫ್ರಂಟ್ ತಡೆಯುವುದನ್ನು ಬಿಟ್ಟರೆ ಮೊದಲ ಅರ್ಧ ದಿನದಲ್ಲಿ ಲೋ ಅಷ್ಟು ಬೇಗ ಆಳವಾಗುವುದಕ್ಕೆ ಕಾರಣ ಸಿಗುವುದಿಲ್ಲ. ಆಲ್ಪ್ಸ್ ಹವಾಮಾನ ಅಳೆದ 1982ರ ಆಲ್ಪೆಕ್ಸ್ ಪ್ರಯೋಗದ ಮುಖ್ಯ ಗುರಿಗಳಲ್ಲೊಂದು ಇದೇ.

ಸುಳಿಗಾಳಿ: ಕಂಬ ಹಿಗ್ಗುವುದು ಆಲ್ಪ್ಸ್‌ನಲ್ಲೂ ಇದೆ. ಇಲ್ಲವೇ ಇಲ್ಲ ಅನ್ನಬೇಡಿ.

32ಕೋರ್: ಸೀದಾ 3 ಕಿ.ಮೀ.ಗೆ ಹೋಗಿ ಸ್ವಾಮಿ, ಕ್ಯುಮುಲಸ್ ಸ್ಕೀಮ್ (ಗ್ರಿಡ್‌ಗಿಂತ ಚಿಕ್ಕ ಮೋಡಗಳ ಅಂದಾಜು) ಗೋಜೇ ಇರಲ್ಲ. ನನ್ನದು 32 ಕೋರ್, 128 ಜಿಬಿ ರ‍್ಯಾಮ್, ಔಟ್‌ಪುಟ್ ಎನ್‌ವಿಎಂಇಗೆ. 500×500 ಆರಾಮಾಗಿ ಓಡುತ್ತೆ.

ಮುಗಿಲುಮಾಲೆ: ಗುಡುಗು, ಆಲಿಕಲ್ಲು ನೋಡಬೇಕಿದ್ದರೆ 3 ಕಿ.ಮೀ. ಬೇಕು. ಇಲ್ಲಿ ಅಗಲ ಬೇಕು. ಒಂದರೊಳಗೊಂದು ಎರಡು ಡೊಮೇನ್ ಮಾಡಿ: ಹೊರಗೆ 27 ಕಿ.ಮೀ., 130×110, ಪಶ್ಚಿಮದ ಅಂಚು ಅಟ್ಲಾಂಟಿಕ್ ಮೇಲಿರಲಿ. ಒಳಗೆ 9 ಕಿ.ಮೀ., 181×151 (1 ಕಳೆದರೆ 3ರಿಂದ ಭಾಗವಾಗಬೇಕು, ಇಲ್ಲದಿದ್ದರೆ ಗ್ರಿಡ್‌ಗೆ ನೆಲದ ಎತ್ತರ ತುಂಬುವ ಜಿಯೋಗ್ರಿಡ್ ಪ್ರೋಗ್ರಾಂ ನಿಲ್ಲುತ್ತದೆ). ಒಳ ಅಂಚು ಎಲ್ಲೂ ಆಲ್ಪ್ಸ್ ಇಳಿಜಾರನ್ನು ಕತ್ತರಿಸಬಾರದು. ಹೊರಗಿನದರ ಟೈಮ್ ಸ್ಟೆಪ್ 150 ಸೆಕೆಂಡ್. ಫ್ರಂಟ್ ಬಡಿಯುವುದಕ್ಕೆ 24 ಗಂಟೆ ಮುಂಚೆ ಶುರು ಮಾಡಿ, ಅಂಚಿನ ಡೇಟಾ 3 ಗಂಟೆಗೊಮ್ಮೆ.

ಸಮುದ್ರಮಟ್ಟದ ಒತ್ತಡ ಒಂದನ್ನೇ ನಂಬಬೇಡಿ. ಶಿಖರಗಳ ಮೇಲೆ ಆ ಅಂಕಿ ನೆಲದೊಳಗಿನ ಊಹೆ ಮಾತ್ರ. 700 ಹೆಕ್ಟೋಪಾಸ್ಕಲ್ (ಸುಮಾರು 3 ಕಿ.ಮೀ. ಮೇಲೆ) ಎತ್ತರದ ನಕ್ಷೆಯನ್ನೂ ಹಾಕಿ. ಲೋ ಬಂದ ಮೇಲೆ ಎರಡೂ ಜಿಯೋ_ಇಎಂ ಫೈಲ್‌ಗಳಲ್ಲಿ ಎಚ್‌ಜಿಟಿ_ಎಂ (ನೆಲದ ಎತ್ತರ) ಸೊನ್ನೆ ಮಾಡಿ, ಮೆಟ್‌ಗ್ರಿಡ್‌ನಿಂದ (ಹವಾಮಾನ ಡೇಟಾವನ್ನು ಗ್ರಿಡ್‌ಗೆ ಹೊಂದಿಸುವ ಹಂತ) ಮತ್ತೆ ಓಡಿಸಿ. ಎರಡು ರನ್‌ಗಳ ವ್ಯತ್ಯಾಸವೇ ಆಲ್ಪ್ಸ್‌ನ ಪಾಲು.

ಐಸೋಬಾರ್44: ಬಂತು! ಮುಚ್ಚಿದ ಐಸೋಬಾರ್ ಬಂತು. ಆದರೆ ಇಆರ್‌ಎ5ಗಿಂತ ಪೂರ್ವಕ್ಕೆ, ಆಡ್ರಿಯಾಟಿಕ್ ಕಡೆಗೆ ಸರಿದಿದೆ.

ಇಳಿಜಾರು: ಎಪ್‌ಎಸ್‌ಎಸ್‌ಎಂ ಬದಲಿಸಿದಿರಾ?

ಮುಗಿಲುಮಾಲೆ: ಎರಡು ನೋಡಿ ಹೇಳಿ. ಒಂದು, ಒಳ ಡೊಮೇನ್‌ನಲ್ಲಿ ಎಚ್‌ಜಿಟಿ_ಎಂ ಗರಿಷ್ಠ ಎಷ್ಟು, ಜಿಯೋಗ್ರಿಡ್ ಟೇಬಲ್‌ನಲ್ಲಿ ಸ್ಮೂತ್_ಪಾಸಸ್ (ಎತ್ತರವನ್ನು ಎಷ್ಟು ಸಲ ನುಣುಪು ಮಾಡಬೇಕು ಅನ್ನೋದು) ಎಷ್ಟಿದೆ. 1ಕ್ಕಿಂತ ಹೆಚ್ಚಿಟ್ಟಿದ್ದರೆ ಶಿಖರ ತಗ್ಗಿ ತಣ್ಣನೆ ಗಾಳಿ ಮೇಲಿಂದಲೇ ಸೋರುತ್ತದೆ. ಎರಡು, ಫ್ರಂಟ್ ಬಡಿಯುವ 6 ಗಂಟೆ ಮುಂಚೆ 500 ಹೆಕ್ಟೋಪಾಸ್ಕಲ್‌ನಲ್ಲಿ ನಿಮ್ಮ ಟ್ರಫ್ ಎಲ್ಲಿದೆ, ಇಆರ್‌ಎ5ರದ್ದು ಎಲ್ಲಿದೆ. ಅಷ್ಟು ಹೊತ್ತಿಗೇ ಮುಂದೆ ಹೋಗಿದ್ದರೆ ತಪ್ಪು ಪರ್ವತದ್ದಲ್ಲ. ಶುರುವಿನ ಸಮಯವನ್ನು 12 ಗಂಟೆ ಈಚೆಗೆ, ಫ್ರಂಟ್ ಬಡಿಯುವ ಹೊತ್ತಿಗೆ ಹತ್ತಿರ, ತಂದು ನೋಡಿ.